ಜಗಳೂರಿನಲ್ಲಿಟ್ಟ ಕ್ಯಾನು

ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ ಹೊನ್ನಾಳಿಯಿಂದ ಹೊರಡುವ ಯಾವ ಬಸ್ಸಿನಲ್ಲೂ ಕಾಲಿಡಾಕೆ ಜಾಗ ಇರೋದಿಲ್ಲ. ಅಂಥ ಬಸ್ಸಿನಲ್ಲೂ ನನ್ನ ಪಕ್ಕದ ಸೀಟು ಖಾಲಿ ಇರುತ್ತಿತ್ತು. ಹತ್ತಿದವರು ಖಾಲಿ ಸೀಟು ಕಂಡು ಆಸೆಯಿಂದ ಬರೋರು, ಹತ್ತಿರ ಬಂದು ಮೂಗು ಸೊಟ್ಟ ಮಾಡೋರು, ಮುಂದೆ ಹೋಗಿ ಕಂಬಿ ಹಿಡಿದು ನಿಲ್ಲೋರು. ಒಬ್ಬಾಕೆಯಂತೂ ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ಹರಿಹರದ ತನಕ ನಿಂತೇ ಬಂದಳು. ನಾನೇನು ಕಡಿಮೆಯೇ? ತೊಡೆ ಮೇಲಿದ್ದ ಚೀಲ ತೆಗೆದು ಆ ಸೀಟಿನ ಮೇಲೇ ಇಟ್ಟೆ. ಮನುಷ್ಯರು ಕೂರದಿದ್ದರೆ ಬೇಡ, ನನ್ನ ಚೀಲ ಕೂತುಕೊಳ್ಳಲಿ ಅಂತ.

ಚೀಲದಲ್ಲಿ ಇದ್ದದ್ದು ಕಂದು ಬಣ್ಣದ ಸಣ್ಣ ಸೀಸೆಗಳು, ಸೀಸೆಗಳಲ್ಲಿ ಮೀನಿನ ಎಣ್ಣೆಯಿಂದ ಮಾಡಿದ ಬಯೋಡೀಸೆಲ್. ಮುಚ್ಚಳ ಎಷ್ಟೇ ಬಿಗಿ ಮಾಡಲಿ, ವಾಸನೆ ಮಾತ್ರ ನನ್ನ ಸೀರೆಯ ನೆರಿಗೆ, ತುರುಬು, ಉಗುರಿನ ಸಂದಿ ಎಲ್ಲಾ ಕಡೆ ಮನೆ ಮಾಡಿಕೊಂಡಿತ್ತು. ಮೊದಮೊದಲು ನಾನೂ ಮೂಗಿಗೆ ಸೆರಗು ಹಿಡಿಯುತ್ತಿದ್ದೆ. ಮೂರು ತಿಂಗಳಾದ ಮೇಲೆ ನನಗೆ ಗೊತ್ತಾಗೋದೇ ನಿಂತುಹೋಯಿತು. ಉಳಿದವರಿಗೆ ಗೊತ್ತಾಗುತ್ತಿತ್ತು, ಅಷ್ಟೆ.

ನಾನು ಹೊನ್ನಾಳಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ ಆಗಿದ್ದೆ. ಹೆಸರಿಗೆ ಅತಿಥಿ. ಹನ್ನೆರಡು ವರ್ಷ ಒಂದೇ ಮನೆಯಲ್ಲಿ ಅತಿಥಿಯಾಗಿ ಇರೋರನ್ನು ನೀವು ಬೇರೆ ಎಲ್ಲಾದರೂ ಕಂಡಿದ್ದೀರೋ ಇಲ್ಲವೋ. ಪ್ರತಿ ವರ್ಷ ಹೊಸ ಪಟ್ಟಿ ಬರೋದು, ಪ್ರತಿ ವರ್ಷ ಅದರಲ್ಲಿ ನನ್ನ ಹೆಸರು ಐತೋ ಇಲ್ಲೋ ಅಂತ ಎದೆ ಹಿಡಿದುಕೊಂಡು ನೋಡೋದು. ಪಿಎಚ್‌ಡಿ ಇಲ್ಲದವರನ್ನು ಇನ್ನು ಮುಂದೆ ಪಟ್ಟಿಗೆ ಸೇರಿಸೋದಿಲ್ಲ ಅಂತ ಸುದ್ದಿ ಹುಟ್ಟಿದ ಮೇಲೆ, ಎಂದೋ ಅರ್ಧಕ್ಕೆ ಬಿಟ್ಟಿದ್ದ ಪಿಎಚ್‌ಡಿಯನ್ನು ಮತ್ತೆ ಕೈಗೆತ್ತಿಕೊಂಡೆ. ನನಗಾಗ ನಲವತ್ತಾರು. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು, ಮಕ್ಕಳಿಲ್ಲ. ಆ ಕೆಲಸ ಒಂದು ಬಿಟ್ಟರೆ ಬೆಳಿಗ್ಗೆ ಎದ್ದು ಸೀರೆ ಉಡಾಕೆ ಬೇರೆ ಕಾರಣ ಇರಲಿಲ್ಲ, ಇದ್ದದ್ದನ್ನೇ ಹೇಳುತ್ತಿದ್ದೇನೆ.

ಹೊನ್ನಾಳಿಯ ಹೊಳೆ ಸೇತುವೆಯ ಹತ್ತಿರ ಮೀನು ಮಾರುತ್ತಾರೆ. ಅಲ್ಲಿ ಮೀನು ಹೆಚ್ಚಿಕೊಡುವ ಹೆಂಗಸೊಬ್ಬಳು ತಲೆ, ಕರುಳು, ಕೊಬ್ಬು ಎಲ್ಲವನ್ನೂ ಬುಟ್ಟಿಗೆ ಎಸೆಯುತ್ತಿದ್ದಳು. ಆ ಬುಟ್ಟಿಯನ್ನು ನನಗೆ ಕೊಡು ಅಂತ ಕೇಳಿದಾಗ ಅವಳು ನನ್ನ ಹಣೆಯ ವಿಭೂತಿ ಒಂದು ಸಲ, ನನ್ನ ಮುಖ ಒಂದು ಸಲ ನೋಡಿದಳು. ಬರುಬರುತ್ತಾ ಸಲಿಗೆ ಬೆಳೆಯಿತು. ತಿನ್ನೋರಿಗೆ ಮೀನು ಮಾರ್ತೀನಿ, ತಿನ್ನದೋರಿಗೆ ಕರುಳು ಕೊಡ್ತೀನಿ, ನನ್ನ ಯಾಪಾರಕ್ಕೇನು ಕಮ್ಮಿ ಮೇಡಮ್ಮೋರೆ ಅಂತ ಕಿಚಾಯಿಸುತ್ತಿದ್ದಳು. ನಾನು ಅಲ್ಲಿ ಬುಟ್ಟಿ ಹಿಡಿದು ನಿಂತಿದ್ದನ್ನು ಕಂಡವರು ಊರೆಲ್ಲಾ ಹಬ್ಬಿಸಿದರು. ಮನೆ ಮಾಲೀಕರ ಹೆಂಡತಿ ಆಮೇಲೆ ನನ್ನನ್ನು ಅರಿಶಿನ ಕುಂಕುಮಕ್ಕೆ ಕರೆಯಲಿಲ್ಲ. ಗಂಡ ಸತ್ತವಳನ್ನು ಮೊದಲೂ ಕರೆಯುತ್ತಿರಲಿಲ್ಲ ಅನ್ನಿ, ಈಗ ಹೇಳಾಕೆ ಒಂದು ನೆವ ಸಿಕ್ಕಿತು.

ಈ ಬಯೋಡೀಸೆಲ್ ಮಾಡೋದೇನು ಬ್ರಹ್ಮವಿದ್ಯೆ ಅಲ್ಲ. ಕರುಳು ಕೊಬ್ಬನ್ನು ನೀರಲ್ಲಿ ಕುದಿಸಿದರೆ ಎಣ್ಣೆ ಮೇಲೆ ತೇಲುತ್ತದೆ. ಅದನ್ನು ಸೋಸಿ, ಮೆಥನಾಲು ಕಾಸ್ಟಿಕ್ಕು ಹಾಕಿ ಕದಡಿ ಬಿಟ್ಟರೆ ಗ್ಲಿಸರಿನ್ ಬೆಲ್ಲದ ಪಾಕದ ಹಾಗೆ ಕೆಳಗೆ ಕೂರುತ್ತದೆ, ಮೇಲೆ ಜೇನಿನ ಬಣ್ಣದ ತೆಳು ಎಣ್ಣೆ ನಿಲ್ಲುತ್ತದೆ. ತೊಳೆದು ನೀರಿನಂಶ ಆರಿಸಿ ಇಂಜಿನ್ನಿಗೆ ಹಾಕಿದರೆ ಓಡುತ್ತದೆ. ಕಷ್ಟ ಇರೋದು ಮಾಡೋದರಲ್ಲಿ ಅಲ್ಲ, ಇಡೋದರಲ್ಲಿ. ಉಪ್ಪಿನಕಾಯಿ ಹಾಕಿದವರಿಗೆಲ್ಲಾ ಈ ಮಾತು ಅರ್ಥವಾಗುತ್ತದೆ. ಮೀನೆಣ್ಣೆಯದು ಗಾಳಿ ತಾಗಿದರೆ ಕೆಡುವ ಜಾತಿ. ಮೊದಲು ಹುಳಿಯಾಗುತ್ತದೆ, ಆಮೇಲೆ ಗಟ್ಟಿಯಾಗುತ್ತದೆ, ಕೊನೆಗೆ ಜಾಲಿಯ ಅಂಟಿನ ಹಾಗೆ ಆಗಿ ಇಂಜಿನ್ನಿನ ಫಿಲ್ಟರಿಗೆ ಕಟ್ಟಿಕೊಳ್ಳುತ್ತದೆ. ಸೆಖೆ ಆಗೋದಿಲ್ಲ, ಬೆಳಕು ಆಗೋದಿಲ್ಲ, ಕೆಲವು ಲೋಹಗಳಂತೂ ಕಣ್ಣಿಗೆ ಕಾಣಬಾರದು. ಅದು ಎಷ್ಟು ದಿನ ಕೆಡದೆ ಇರುತ್ತದೆ, ಎಲ್ಲಿಟ್ಟರೆ ಹೆಂಗೆ ಕೆಡುತ್ತದೆ, ಇದೇ ನನ್ನ ಪ್ರಬಂಧ.

ಹಾಗಾಗಿ ಒಂದೇ ದಿನ, ಒಂದೇ ಪಾಕದ ಎಣ್ಣೆಯನ್ನು ನಾಲ್ಕು ಬಿಳಿ ಪ್ಲಾಸ್ಟಿಕ್ ಕ್ಯಾನುಗಳಿಗೆ ತುಂಬಿದೆ. ನಾಲ್ಕು ಕ್ಯಾನು, ನಾಲ್ಕು ಊರು, ಆರು ತಿಂಗಳು. ತಿಂಗಳಿಗೊಂದು ಸಲ ಹತ್ತನೇ ತಾರೀಖಿನ ಆಸುಪಾಸು ನಾಲ್ಕೂ ಕಡೆ ಹೋಗಿ ಒಂದೊಂದು ಸೀಸೆ ಎಣ್ಣೆ ತರಬೇಕು, ಹುಳಿ ಎಷ್ಟಾಯಿತು ಅಂತ ಅಳೆಯಬೇಕು. ಅಳೆಯೋದು ಹಳೇ ಕ್ರಮವೇ. ಸೀಸೆಯ ಎಣ್ಣೆಗೆ ಬಣ್ಣದ ದ್ರಾವಣ ಬೆರೆಸಿ ಕ್ಷಾರವನ್ನು ಹನಿಹನಿ ಬಿಡೋದು. ಗುಲಾಬಿ ಬಣ್ಣ ಬಂದಾಗ ನಿಲ್ಲಿಸೋದು. ಹೆಚ್ಚು ಕ್ಷಾರ ಕುಡಿದರೆ ಎಣ್ಣೆ ಹೆಚ್ಚು ಹುಳಿಯಾಗಿದೆ ಅಂತ. ನನ್ನ ಗೈಡು ಮೊದಲೇ ಹೇಳಿದ್ದರು: ನಾಲ್ಕರಲ್ಲಿ ಒಂದು ಊರಿನ ಅಳತೆಗಳ ಸರಣಿ ತಪ್ಪಿದರೂ ಪ್ರಬಂಧ ನಿಲ್ಲೋದಿಲ್ಲ, ಆರು ತಿಂಗಳಾದ ಮೇಲೆ ನಿಮಗೆ ಉಳಿಯೋದು ಎರಡೇ ತಿಂಗಳು, ಅಷ್ಟರಲ್ಲಿ ಬರೆದು ಒಪ್ಪಿಸದಿದ್ದರೆ ನೋಂದಣಿ ರದ್ದು. ಅಂದರೆ ನನ್ನ ಪಿಎಚ್‌ಡಿ, ನನ್ನ ಕೆಲಸ ಎಲ್ಲಾ ಆ ನಾಲ್ಕು ಕ್ಯಾನುಗಳಲ್ಲಿ ಇತ್ತು.

ಹೊನ್ನಾಳಿಯ ಕ್ಯಾನು ನನ್ನ ಬಚ್ಚಲ ಹಿಂದೆ. ನ್ಯಾಮತಿ ಕಡೆಯದು ಗೋವಿನಕೋವಿ ಹತ್ತಿರದ ಒಂದು ಪಂಕ್ಚರ್ ಅಂಗಡಿಯಲ್ಲಿ. ಆ ಪುಣ್ಯಾತ್ಮ ಆರು ತಿಂಗಳಲ್ಲಿ ನನ್ನ ಜೊತೆ ಆಡಿದ್ದು ಬರ್ರಿ, ಐತ್ರಿ, ಹೋಗ್ಬರ್ರಿ, ಈ ಮೂರೇ ಮಾತು. ಚನ್ನಗಿರಿ ಕಡೆಯದು ನಲ್ಲೂರಿನ ನನ್ನ ಅಣ್ಣನ ಮನೆಯಲ್ಲಿ. ಮನೆಯಲ್ಲಿ ಅಂದರೆ ಸುಳ್ಳಾಗುತ್ತದೆ. ಲಿಂಗ ಕಟ್ಟಿದೋರ ಮನೆ ಹೊಸ್ತಿಲು ಮೀನೆಣ್ಣೆ ದಾಟಬೇಕಾ ಅಂತ ಅಣ್ಣ ಕೇಳಿದ. ಅಡಿಕೆ ಬೇಯಿಸುವ ಒಲೆಯ ಆಚೆ, ಹಳೇ ಚೀಲಗಳ ಸಂದಿಯಲ್ಲಿ ಕ್ಯಾನಿಗೆ ಜಾಗ ಸಿಕ್ಕಿತು. ನಾನು ಹೋದಾಗ ಅತ್ತಿಗೆ ಊಟಕ್ಕೆ ಹಾಕೋಳು. ನಾನು ಎದ್ದ ಮೇಲೆ ಕೂತ ಜಾಗಕ್ಕೆ ನೀರು ಚಿಮುಕಿಸೋಳು, ನಾನು ನೋಡಿಲ್ಲ ಅಂದುಕೊಂಡು.

ನಾಲ್ಕನೆಯದು ಜಗಳೂರು. ಅಲ್ಲಿನ ಒಣ ಬಿಸಿಲು ನನಗೆ ಬೇಕಿತ್ತು. ಆದರೆ ಜಗಳೂರಿನಲ್ಲಿ ನನಗೆ ಗೊತ್ತಿದ್ದದ್ದು ಒಂದೇ ಮನೆ, ಆ ಮನೆಯಲ್ಲಿ ನಾನು ನೀರು ಕುಡಿಯೋದಿಲ್ಲ ಅಂತ ಆಣೆ ಮಾಡಿ ಒಂಬತ್ತು ವರ್ಷವಾಗಿತ್ತು.

ಅದು ನನ್ನ ಗಂಡನ ಅಕ್ಕನ ಮನೆ. ನಾನೂ ಅವರನ್ನು ಅಕ್ಕ ಅಂತಲೇ ಕರೆಯೋದು. ಅವರ ಗಂಡ ಎಂದೋ ಇಲ್ಲ, ಹಿಟ್ಟಿನ ಗಿರಣಿ ಒಬ್ಬರೇ ನಡೆಸುತ್ತಾರೆ. ನನ್ನ ಗಂಡ ಯಾವುದೋ ಕೆಲಸದ ಮೇಲೆ ಜಗಳೂರಿಗೆ ಹೋಗಿ ಅಲ್ಲೇ ಜ್ವರ ಹಿಡಿದು ಮಲಗಿದ್ದರು. ಕಾಲೇಜಿನಲ್ಲಿ ಪರೀಕ್ಷೆ, ಜ್ವರ ತಾನೇ ಅಂತ ನಾನು ಒಂದು ದಿನ ತಡ ಮಾಡಿ ಹೋದೆ. ನಾನು ಹೋಗುವ ಹೊತ್ತಿಗೆ ಮಾತಾಡುವ ಸ್ಥಿತಿ ಇರಲಿಲ್ಲ. ಮಣ್ಣು ಮಾಡಿದ ಮೂರನೇ ದಿನ ಅಕ್ಕ ಎಲ್ಲರ ಎದುರಿಗೆ, ಒಂದಿನ ಮೊದಲು ಬಂದಿದ್ರೆ ನನ್ನ ತಮ್ಮ ಉಳೀತಿದ್ದ ಅಂದುಬಿಟ್ಟರು. ನಾನು ಎದ್ದು ನಿಂತು, ಈ ಮನೆ ನೀರು ಇನ್ನು ಮುಟ್ಟಿದರೆ ಕೇಳ್ರಿ ಅಂದೆ. ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದೆ. ಬಾಡಿಗೆ ಮನೆ ಸಾಲದೆ ಅಕ್ಕನ ಹತ್ತಿರ ಇಟ್ಟಿದ್ದ, ನನ್ನ ಮದುವೆಗೆ ಅಪ್ಪ ಕೊಟ್ಟ ಪಾತ್ರೆ ಪಡಗವೂ ಅಲ್ಲೇ ಉಳಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರ ಮಾತೂ ಹೋಯಿತು, ನನ್ನ ಮಾತೂ ಹೋಯಿತು.

ಒಂಬತ್ತು ವರ್ಷದ ಮೇಲೆ ಫೋನ್ ಮಾಡಿ, ಒಂದು ಕ್ಯಾನು ಇಡಬೇಕಿತ್ತು ಅಂದೆ. ಆ ಕಡೆ ಗಿರಣಿ ನಿಲ್ಲಿಸಿದ ಸದ್ದು ಕೇಳಿತು. ಆಮೇಲೆ, ತಂದಿಡು ಅಂದರು. ಏನು ಎತ್ತ ಅಂತ ಕೇಳಲಿಲ್ಲ. ಮೀನೆಣ್ಣೆ ಅಂತ ನಾನೇ ಹೇಳಿದೆ. ಕ್ಯಾನಿನೊಳಗೆ ಇರತೈತಲ್ಲ, ಇರಲಿ ಬಿಡು ಅಂದರು. ನನ್ನ ಒಡಹುಟ್ಟಿದ ಅಣ್ಣನ ಹೊಸ್ತಿಲು ದಾಟದ ಕ್ಯಾನು ಅವರ ಮನೆಯ ಒಳಕೋಣೆಗೇ ಹೋಯಿತು.

ಮೊದಲ ತಿಂಗಳು ಹೋದಾಗ ಅವರು ಹಿತ್ತಾಳೆ ಲೋಟದಲ್ಲಿ ನೀರು ತಂದು ಕಟ್ಟೆಯ ಮೇಲೆ ಇಟ್ಟರು. ಕೊಡಲಿಲ್ಲ, ಇಟ್ಟರು, ಅಷ್ಟೆ. ನಾನು ಚೀಲದಿಂದ ನನ್ನ ಬಾಟಲಿ ತೆಗೆದು ಕುಡಿದೆ. ಅವರು ನೋಡಿದರು. ಲೋಟ ಹಾಗೇ ಉಳಿಯಿತು. ಪ್ರತಿ ತಿಂಗಳೂ ಅದೇ ಆಟ. ಬಾಟಲಿ ತರೋದನ್ನು ಮರೆತೆ ಅಂತ ಒಂದು ಸಲ ನಟಿಸಬಹುದಿತ್ತು. ಹಮ್ಮು ಬಿಡಲಿಲ್ಲ. ಆದರೂ ಹತ್ತನೇ ತಾರೀಖು ಬಂದರೆ ಬೇರೆ ಮೂರು ಊರಿಗೆ ಯಾವುದೋ ಒಂದು ಸೀರೆ ಸುತ್ತಿಕೊಂಡು ಹೋಗುತ್ತಿದ್ದವಳು ಜಗಳೂರಿಗೆ ಮಾತ್ರ ಇಸ್ತ್ರಿ ಮಾಡಿದ್ದು ಉಟ್ಟು ಹೋಗುತ್ತಿದ್ದೆ. ದಾವಣಗೆರೆಯಲ್ಲಿ ಬಸ್ಸು ಬದಲಿಸಬೇಕು, ಅರ್ಧ ದಿನದ ದಾರಿ. ಹೋಗಿ ಕೂತರೆ ಅವರು ಗಿರಣಿಯ ಬೆಲ್ಟಿನ ಕಥೆ, ಜೋಳದಲ್ಲಿ ಕಲ್ಲು ಬೆರೆಸಿ ತರೋರ ಕಥೆ ಹೇಳೋರು, ನಾನು ಹೂಂ ಅನ್ನೋಳು. ಸತ್ತವರ ಮಾತು ಇಬ್ಬರೂ ಎತ್ತಲಿಲ್ಲ. ಹೊರಡುವಾಗ, ಮುಂದಿನ ತಿಂಗಳು ಬರಬೇಕಲ್ಲ ನೀನು, ಕ್ಯಾನು ಐತಲ್ಲ ಅಂತ ಕೇಳೋರು. ಹೌದು ಅಕ್ಕ, ಕ್ಯಾನು ಐತೆ ಅನ್ನುತ್ತಿದ್ದೆ.

ಮೂರನೇ ತಿಂಗಳಿನಿಂದ ಜಗಳೂರಿನ ಎಣ್ಣೆ ಬೇರೆ ದಾರಿ ಹಿಡಿಯಿತು. ಉಳಿದ ಮೂರೂ ಸ್ವಲ್ಪಸ್ವಲ್ಪವೇ ಹುಳಿಯಾಗುತ್ತಿದ್ದವು. ಇದು ಕ್ಷಾರವನ್ನು ಗಟಗಟ ಕುಡಿಯಿತು. ನನಗೆ ಹಿಡಿಸಲಾರದಷ್ಟು ಸಂತೋಷ. ಜಗಳೂರಿನ ಬಿಸಿಲು ಎಣ್ಣೆಯನ್ನು ಕೆಡಿಸುತ್ತೆ ಅಂತ ನಾನು ಮೊದಲೇ ಹೇಳಿರಲಿಲ್ಲವೇ? ಗೈಡೂ ಮೆಚ್ಚಿಕೊಂಡರು. ಇದನ್ನೇ ಮುಖ್ಯ ಅಧ್ಯಾಯ ಮಾಡಿ ಅಂದರು. ರಜಾ ದಿನ ಕೂತು ಆ ಅಧ್ಯಾಯ ಬರೆಯಾಕೆ ಶುರು ಮಾಡಿದೆ.

ನಾಲ್ಕನೇ ತಿಂಗಳ ಸೀಸೆಯಲ್ಲಿ ಎಣ್ಣೆಗೆ ಒಂದು ನಸುಹಸಿರು ಛಾಯೆ ಇತ್ತು. ಐದನೇ ತಿಂಗಳು ಇನ್ನೂ ಸ್ವಲ್ಪ ಹೆಚ್ಚು. ನೋಡಿದೆ. ನೋಡಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಸೀಸೆಯ ಬಣ್ಣ ಇರಬೇಕು, ಲ್ಯಾಬಿನ ಟ್ಯೂಬ್‌ಲೈಟಿನ ಬೆಳಕಿರಬೇಕು ಅಂದುಕೊಂಡೆ. ಹಸಿರು ಅಂದರೇನು ಅಂತ ಪಿಯುಸಿ ಮಕ್ಕಳಿಗೆ ಪಾಠ ಮಾಡಿದವಳು ನಾನು. ಬರೆದಿಟ್ಟ ಅಧ್ಯಾಯ ಅಷ್ಟು ಸಿಹಿಯಾಗಿತ್ತು, ಕಣ್ಣು ಕಂಡದ್ದನ್ನು ಮನಸ್ಸು ಒಳಗೆ ಬಿಟ್ಟುಕೊಳ್ಳಲಿಲ್ಲ.

ಆರನೇ ತಿಂಗಳು, ಕೊನೆಯ ಸಲ. ಹತ್ತನೇ ತಾರೀಖು ಕಾಲೇಜಿನಲ್ಲಿ ಏನೋ ಸಭೆ ಅಂದಿದ್ದಕ್ಕೆ ನಾನು ಫೋನ್ ಕೂಡ ಮಾಡದೆ ಒಂದು ದಿನ ಮೊದಲೇ ಹೊರಟೆ. ಮಧ್ಯಾಹ್ನ ಹೋದಾಗ ಗಿರಣಿಯಲ್ಲಿ ಗಿರಾಕಿಗಳಿದ್ದರು. ಅಕ್ಕ ಬೆನ್ನು ತಿರುಗಿಸಿ ಹಿಟ್ಟು ತೂಗುತ್ತಿದ್ದರು. ನಾನು ನೇರ ಒಳಕೋಣೆಗೆ ಹೋದೆ.

ಕ್ಯಾನು ಕಿಟಕಿಯ ಕೆಳಗೆ ಬೋರಲಾಗಿ ಬಿದ್ದಿತ್ತು. ಖಾಲಿ. ಅದರ ತಳದಲ್ಲಿ ಒಂದು ಗೇಣುದ್ದದ ಬಿರುಕು, ಬಿರುಕಿನ ಮೇಲೆ ನಲ್ಲಿ ಪೈಪಿಗೆ ಹಚ್ಚುವ ಅಂಟು ಮೆತ್ತಿತ್ತು. ಅದರ ಪಕ್ಕದಲ್ಲಿ ಸಿಂಬೆಯ ಮೇಲೆ ಒಂದು ತಾಮ್ರದ ಬಿಂದಿಗೆ, ಬಾಯಿಗೆ ಮಡಿ ಬಟ್ಟೆ ಕಟ್ಟಿ, ಕುತ್ತಿಗೆಗೆ ವಿಭೂತಿ ಎಳೆದು. ಬಟ್ಟೆ ಬಿಚ್ಚಬೇಕಾದ್ದೇ ಇರಲಿಲ್ಲ. ಮೂಗಿಗೆ ಗೊತ್ತಾಗದ ವಾಸನೆ ಅವತ್ತು ನನ್ನ ಮೂಗಿಗೂ ಗೊತ್ತಾಯಿತು.

ಈ ಎಣ್ಣೆಯನ್ನು ಬೇಗ ಕೆಡಿಸಬೇಕು ಅಂತ ಯಾರಾದರೂ ಹಟ ತೊಟ್ಟರೆ ಮೊದಲು ಮಾಡಬೇಕಾದ ಕೆಲಸ ಅದನ್ನು ತಾಮ್ರದಲ್ಲಿ ಇಡೋದು. ಬಿಸಿಲೂ ಅಷ್ಟು ಕೆಡಿಸೋದಿಲ್ಲ, ಬೆಳಕೂ ಅಷ್ಟು ಕೆಡಿಸೋದಿಲ್ಲ. ಕ್ಯಾನು ತೆರೆಯಬೇಡಿ ಅಂದಿದ್ದೆ, ಜಾಗ ಬದಲಿಸಬೇಡಿ ಅಂದಿದ್ದೆ. ತಾಮ್ರಕ್ಕೆ ಸುರಿಯಬೇಡಿ ಅಂತ ಹೇಳಿರಲಿಲ್ಲ. ಯಾವ ಲೋಕದಲ್ಲಿ ಯಾರು ಮೀನೆಣ್ಣೆಯನ್ನು ತಾಮ್ರದ ಬಿಂದಿಗೆಯಲ್ಲಿ ಇಡುತ್ತಾರೆ?

ಹಿಂದೆ ಅಕ್ಕ ಬಂದು ನಿಂತಿದ್ದರು. ಹುಬ್ಬಿನ ಮೇಲೆಲ್ಲಾ ಹಿಟ್ಟು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಮುಖ. ಎರಡನೇ ತಿಂಗಳು, ನಾನು ಬಂದು ಹೋದ ವಾರಕ್ಕೇ ಐದು ಕೇಜಿಯ ತೂಕದ ಕಲ್ಲು ಕೈಜಾರಿ ಕ್ಯಾನಿನ ಮೇಲೆ ಬಿತ್ತಂತೆ. ಎಣ್ಣೆ ಸೋರಾಕೆ ಹತ್ತಿತು. ಸಿಕ್ಕಿದಷ್ಟನ್ನು ಬಾಚಿ ಬಿಂದಿಗೆಗೆ ತುಂಬಿದರಂತೆ. ಕ್ಯಾನಿಗೆ ಅಂಟು ಹಚ್ಚಿದರೂ ನಂಬಿಕೆ ಬರಲಿಲ್ಲ. ಅದಕ್ಕೇ ನಾನು ಬರುವ ದಿನ ಬೆಳಿಗ್ಗೆ ಎಣ್ಣೆಯನ್ನು ಕ್ಯಾನಿಗೆ ಸುರಿದಿಡೋದು, ನಾನು ಹೋದ ಮೇಲೆ ಬಿಂದಿಗೆಯನ್ನು ಹುಣಸೆಹಣ್ಣು ಉಪ್ಪು ಹಾಕಿ ಫಳಫಳ ಬೆಳಗಿ, ಮತ್ತೆ ಅದಕ್ಕೇ ತುಂಬೋದು. ತಿಂಗಳಿಗೊಂದು ಸಲ ಬೆಳಗಿದ ಹೊಸ ತಾಮ್ರ! ಕಿಲುಬು ಹಿಡಿದ ತಾಮ್ರವಾದರೂ ಕೆಡಿಸುವ ಕೆಲಸವನ್ನು ಸ್ವಲ್ಪ ನಿಧಾನ ಮಾಡುತ್ತಿತ್ತೇನೋ.

ಮನೆಯಲ್ಲಿ ಸ್ಟೀಲು ಇರಲಿಲ್ಲವಾ ಅಂತ ನಾನು ಕಿರುಚಿದೆ. ಅಕ್ಕ ನೆಲ ನೋಡುತ್ತಾ ಹೇಳಿದರು:

“ಸ್ಟೀಲು ಇತ್ತು ತಂಗಿ. ಅದು ನಿನ್ನ ಬಿಂದಿಗೆ, ನಿಮ್ಮಪ್ಪ ಕೊಟ್ಟಿದ್ದು. ನಿನ್ನ ವಸ್ತು ನಿನ್ನ ಪಾತ್ರೇಲೇ ಇರಲಿ ಅಂತ ಹಾಕಿದೆ. ಒಳ್ಳೇದನ್ನೆಲ್ಲಾ ನಮ್ಮವ್ವ ತಾಮ್ರದಾಗೇ ಇಡ್ತಿದ್ಲು.”

ಕ್ಯಾನು ಒಡೆದ ದಿನವೇ ನನಗೆ ಯಾಕೆ ಫೋನ್ ಮಾಡಲಿಲ್ಲ ಅಂದೆ. ಅವರು ಬಗ್ಗಿ ಬಿಂದಿಗೆಯ ಸಿಂಬೆ ಸರಿಮಾಡಿದರು. ನಾನು ಬಿಡಲಿಲ್ಲ, ಮತ್ತೆ ಮತ್ತೆ ಕೇಳಿದೆ.

“ಕ್ಯಾನು ಒಡದೈತೆ ಅಂದ್ರೆ ನೀನು ಬರಾಕೆ ಬಿಡ್ತಿದ್ದೆ.”

ಇಷ್ಟು ಕೇಳಿದ ಮೇಲಾದರೂ ನನ್ನ ಬಾಯಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ನಿಮ್ಮ ಕೈಗೆ ಏನು ಕೊಟ್ಟರೂ ಉಳಿಯೋದಿಲ್ಲ ಅಂದೆ. ಅಂದ ಮೇಲೆ ಆ ಮಾತು ಎಲ್ಲಿಗೆ ಹೋಗಿ ಮುಟ್ಟಿತು ಅಂತ ನನಗೇ ಗೊತ್ತಾಯಿತು. ಅವರ ತಮ್ಮ ಸತ್ತದ್ದು ಅದೇ ಒಳಕೋಣೆಯಲ್ಲಿ. ಅಕ್ಕ ಸೆರಗಿನಿಂದ ಹುಬ್ಬಿನ ಹಿಟ್ಟು ಒರೆಸಿಕೊಂಡು, ಗಿರಾಕಿಗಳು ಕಾಯುತ್ತಿದ್ದಾರೆ ಅಂತ ಹೊರಗೆ ಹೋದರು. ಬಿಂದಿಗೆಯಿಂದಲೇ ಒಂದು ಸೀಸೆ ತುಂಬಿಕೊಂಡು ನಾನು ಬಸ್ಸು ಹತ್ತಿದೆ.

ದಾವಣಗೆರೆಯಿಂದ ಹೊನ್ನಾಳಿಯ ತನಕ ಪಕ್ಕದ ಸೀಟಿನಲ್ಲಿ ಚೀಲ ಕೂತಿತ್ತು, ನನ್ನ ತಲೆಯಲ್ಲಿ ಲೆಕ್ಕಾಚಾರ ಓಡುತ್ತಿತ್ತು. ಅಧ್ಯಾಯ ಬರೆದಾಗಿದೆ. ಗೈಡು ಮೆಚ್ಚಿದ್ದಾರೆ. ಬಿಸಿಲಿಗೆ ಕೆಟ್ಟಿತು ಅಂದರೆ ಯಾರೂ ತಕರಾರು ಮಾಡೋದಿಲ್ಲ. ತಾಮ್ರದ ವಿಷಯ ಗೊತ್ತಿರೋದು ಇಬ್ಬರಿಗೆ, ಅದರಲ್ಲಿ ಒಬ್ಬರಿಗೆ ತಾಮ್ರಕ್ಕೂ ಎಣ್ಣೆಗೂ ಏನು ಸಂಬಂಧ ಅಂತ ಗೊತ್ತಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಆಯಿತು. ಮನೆಗೆ ಬಂದು ಎಣ್ಣೆಯನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಹೊಳೆಯ ಪಾಚಿಯ ಹಸಿರು, ತಾಮ್ರ ಕರಗಿ ಬಿಟ್ಟ ಬಣ್ಣ. ಇನ್ನು ಟ್ಯೂಬ್‌ಲೈಟಿನ ಮೇಲೆ ಗೂಬೆ ಕೂರಿಸಾಕೆ ಬರುತ್ತಿರಲಿಲ್ಲ.

ಮಾರನೇ ದಿನ ಗೈಡಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕೇಳಿಸಿಕೊಂಡರು. ಕೊನೆಗೆ ಬೇಜಾರಿನಿಂದ, ಯಾಕ್ರೀ ಹೇಳಿದಿರಿ ನನಗೆ ಅಂದರು. ಅವರ ಕಷ್ಟವೂ ಅರ್ಥವಾಗುತ್ತೆ, ಗೊತ್ತಾದ ಮೇಲೆ ಸಹಿ ಹಾಕುವಂತಿಲ್ಲ. ಜಗಳೂರಿನ ಸರಣಿ ಹೊಸದಾಗಿ ಆರು ತಿಂಗಳು ಮಾಡಬೇಕು, ಉಳಿದಿರೋದು ಎರಡು ತಿಂಗಳು. ಮನವಿ ಬರೆದುಕೊಟ್ಟೆ, ಅದಕ್ಕೆ ಉತ್ತರ ಬರಲಿಲ್ಲ. ನೋಂದಣಿ ಮುಗಿಯಿತು. ಆ ವರ್ಷದ ಅತಿಥಿಗಳ ಪಟ್ಟಿಯನ್ನು ನಾನು ಮೇಲಿನಿಂದ ಕೆಳಗೆ ಮೂರು ಸಲ ಓದಿದೆ, ಕೆಳಗಿನಿಂದ ಮೇಲೆ ಒಂದು ಸಲ ಓದಿದೆ. ಹನ್ನೆರಡು ವರ್ಷ ಹೊಳೇಲಿ ಹುಣಸೆಹಣ್ಣು ತೊಳೆದಂಗೆ ಆಯಿತು.

ಉಳಿದ ಮೂರು ಕ್ಯಾನುಗಳನ್ನು ಖಾಲಿ ಮಾಡಿದೆ. ಎಣ್ಣೆಯನ್ನು ಪಂಕ್ಚರ್ ಅಂಗಡಿಯವನಿಗೆ ಕೊಟ್ಟೆ. ಅವನು ಗಾಳಿ ಹಾಕುವ ಇಂಜಿನ್ನಿಗೆ ಸುರಿದು ನೋಡಿ, ಓಡತ್ರಿ ಅಂದ. ಅವನ ನಾಲ್ಕನೇ ಮಾತು ಅದು. ಮೀನು ಹೆಚ್ಚುವವಳಿಗೆ ಇನ್ನು ಕರುಳು ಬೇಡ ಅಂದಾಗ, ಮತ್ತೆ ಸುಮ್ನೆ ಬರ್ರಿ ಮೇಡಮ್ಮೋರೆ, ನಿಂತು ಮಾತಾಡ್ಕಂಡು ಹೋಗ್ರಿ ಅಂದಳು. ಹೂಂ ಅಂದೆ, ಹೋಗಲಿಲ್ಲ. ಮನೆಯಲ್ಲೇ ಪಿಯುಸಿ ಮಕ್ಕಳಿಗೆ ಟ್ಯೂಷನ್ ಶುರು ಮಾಡಿದೆ. ಅವರು ಸಂಜೆ ಎರಡು ಗಂಟೆ ಇರೋರು. ಉಳಿದ ಹೊತ್ತು ಗೋಡೆ, ನಾನು. ವಾಸನೆ ನಿಧಾನಕ್ಕೆ ಸೀರೆ ಬಿಟ್ಟಿತು, ಕೂದಲು ಬಿಟ್ಟಿತು. ಒಂದು ದಿನ ಬಸ್ಸಿನಲ್ಲಿ ಯಾರೋ ನನ್ನ ಪಕ್ಕ ಬಂದು ಕೂತರು. ಅಷ್ಟು ದಿನ ಅದಕ್ಕೇ ಕಾದಿದ್ದವಳ ಹಾಗೆ ತಿರುಗಿ ನೋಡಿದೆ. ಆಕೆ ಕೂತ ಕೂಡಲೇ ಮೊಬೈಲು ತೆಗೆದಳು, ಇಳಿಯುವ ತನಕ ತಲೆ ಎತ್ತಲಿಲ್ಲ.

ಇದೆಲ್ಲಾ ನಡೆಯುವಾಗಲೇ ಮುಂದಿನ ತಿಂಗಳ ಹತ್ತನೇ ತಾರೀಖು ಬಂತು. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಇಸ್ತ್ರಿ ಸೀರೆ ಉಟ್ಟೆ. ಉಟ್ಟ ಮೇಲೆ ಎಲ್ಲಿಗೆ ಅಂತ ನೆನಪಾಯಿತು. ಹಾಗೇ ಕುರ್ಚಿಯ ಮೇಲೆ ಕೂತೆ. ಅದರ ಮುಂದಿನ ತಿಂಗಳೂ ಹಾಗೇ. ಒಬ್ಬಳೇ ಕೂತಾಗ ಅಕ್ಕನ ಮಾತು ತಲೆಯಲ್ಲಿ ತಿರುಗುತ್ತಿತ್ತು. ನಾನು ತಿಂಗಳಿಗೊಂದು ಸಲ ಬರಲಿ ಅಂತ, ಒಬ್ಬ ಹೆಂಗಸು ಮುಟ್ಟಬಾರದ ಎಣ್ಣೆಯನ್ನು ಮಡಿ ಬಟ್ಟೆ ಕಟ್ಟಿ ನಾಲ್ಕು ತಿಂಗಳು ಕಾದಳು. ಆ ನಾಲ್ಕು ಊರಿನಲ್ಲಿ ನಾನು ಬರಲಿ ಅಂತ ದಾರಿ ಕಾದವರು ಅವರೊಬ್ಬರೇ. ಅವರಿಗೆ ನಾನು ಏನು ಅಂದು ಬಂದೆ.

ಮೂರನೇ ಹತ್ತನೇ ತಾರೀಖು ಹೊರಟೆ. ಚೀಲ ಇಲ್ಲ, ಸೀಸೆ ಇಲ್ಲ. ನೀರಿನ ಬಾಟಲಿಯನ್ನು ತುಂಬಿ ಕೈಯಲ್ಲಿ ಹಿಡಿದವಳು ಬಾಗಿಲ ಹತ್ತಿರ ವಾಪಸ್ ಇಟ್ಟೆ. ಜಗಳೂರು ಮುಟ್ಟುವ ಹೊತ್ತಿಗೆ ಬಾಯಿ ಒಣಗಿ ನಾಲಿಗೆ ಅಂಗಳಕ್ಕೆ ಅಂಟಿಕೊಂಡಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಕುಡಿಯಬಹುದಿತ್ತು. ಕುಡಿಯಲಿಲ್ಲ.

ಕರೆಂಟು ಹೋಗಿ ಗಿರಣಿ ನಿಂತಿತ್ತು. ಅಕ್ಕ ಕಟ್ಟೆಯ ಮೇಲೆ ಕೂತಿದ್ದರು. ನನ್ನ ಕಂಡವರೇ ಮೊದಲು ನನ್ನ ಕೈ ನೋಡಿದರು.

“ಹೊಸ ಕ್ಯಾನು ಎಲ್ಲಿ?”

ಇಲ್ಲ ಅಂದೆ. ಕೆಲಸ ಹೋದದ್ದು, ಪ್ರಬಂಧ ನಿಂತದ್ದು ಹೇಳಬೇಕು ಅಂತ ಬಸ್ಸಿನಲ್ಲಿ ಎಷ್ಟೋ ಸಲ ಮಾತು ಜೋಡಿಸಿಕೊಂಡಿದ್ದೆ. ತಪ್ಪಾಯಿತು ಅನ್ನೋದನ್ನೂ ಜೋಡಿಸಿಕೊಂಡಿದ್ದೆ. ಅವೆಲ್ಲಾ ಬಿಟ್ಟು ಕಟ್ಟೆಯ ತುದಿಗೆ ಕೂತೆ. ಮತ್ತೆ ಯಾಕೆ ಬಂದೆ ಅಂತ ಅವರು ಕೇಳಿದರು. ಸಿಟ್ಟಿನಿಂದ ಅಲ್ಲ, ನಿಜವಾಗಿ ಗೊತ್ತಾಗದೆ ಕೇಳಿದರು.

“ನೀರು ಕುಡಿಯಾಕೆ ಬಂದೆ ಅಕ್ಕ.”

ಅವರು ಎದ್ದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಗಿರಣಿಯ ಸದ್ದು ಇಲ್ಲದ್ದಕ್ಕೆ ಒಳಗಿನದೆಲ್ಲಾ ಕೇಳುತ್ತಿತ್ತು. ಹುಣಸೆಹಣ್ಣು ಹಾಕಿ ಏನನ್ನೋ ಉಜ್ಜುವ ಸದ್ದು, ತೊಳೆದು ಚೆಲ್ಲುವ ಸದ್ದು, ಮತ್ತೆ ಉಜ್ಜುವ ಸದ್ದು. ಮಧ್ಯೆ ಒಂದು ಸಲ ಮೂಗು ಏರಿಸಿದ ಸದ್ದು.

ಆ ಮೇಲೆ ಲೋಟ ಬಂತು. ಈ ಸಲ ಕಟ್ಟೆಯ ಮೇಲೆ ಇಡಲಿಲ್ಲ, ನನ್ನ ಕೈಗೇ ಕೊಟ್ಟರು. ಅವರ ಬೆರಳೆಲ್ಲಾ ಹುಣಸೆಯ ನೀರಿಗೆ ಸುಕ್ಕಾಗಿದ್ದವು. ಬಿಂದಿಗೆ ನೀರು, ತಣ್ಣಗೈತೆ ಅಂದರು.

ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ನೀರಿನಲ್ಲಿ ಮೀನಿನ ವಾಸನೆ ಇತ್ತು. ಅಕ್ಕ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು. ನಾನು ಪೂರಾ ಕುಡಿದು, ಇನ್ನೊಂದು ಲೋಟ ಕೊಡ್ರಿ ಅಂದೆ.